ಏಳೂವರೆಗೆ ಹಾಡು, ರೇಡಿಯೋ ಸ್ತಬ್ಧ

1953ನೇ ಇಸವಿ. ನಾನಾಗ ಮೈಸೂರಿನ ಒಂದು ರೇಡಿಯೋ ಅಂಗಡಿಯಲ್ಲಿ ಮೆಕ್ಯಾನಿಕ್. ವಿಜಯದಶಮಿಯ ಮರುದಿನ ಸಂಜೆ ಜವಳಿ ವ್ಯಾಪಾರಿ ಮಹದೇವಪ್ಪನವರ ಹೆಂಡತಿ ಪಾರ್ವತಮ್ಮ ಜಟಕಾದಿಂದಿಳಿದು ಓಡೋಡಿ ಬಂದರು.

“ನಮ್ಮನೆ ರೇಡಿಯೋ ಹತ್ಕೊಳ್ತಾನೇ ಇಲ್ಲ ಕಣಪ್ಪ. ಏಳೂವರೆಗೆ ಸರ್ವಮಂಗಳ ಹಾಡ್ತಾಳೆ. ಬಂದ್ಬುಡು, ಪುಣ್ಯ ಬರ್ತದೆ.”

ಸರ್ವಮಂಗಳ ಅವರ ಮಗಳು. ಆಗೆಲ್ಲ ಬಾನುಲಿಯಲ್ಲಿ ಹಾಡುವುದೆಂದರೆ ನೇರ ಪ್ರಸಾರ, ತಪ್ಪಿದರೆ ತಪ್ಪಿತು. ಮನೆತನದ ಹುಡುಗಿ ಊರಿಗೆಲ್ಲ ಕೇಳುವಂತೆ ಹಾಡುವುದೇ ಎಂದು ಸಿಟ್ಟಾದ ಮಹದೇವಪ್ಪನವರು ಮಗಳ ಜೊತೆ ಮಾತು ಬಿಟ್ಟು ತಿಂಗಳಾಗಿತ್ತಂತೆ. ಜಟಕಾದಲ್ಲಿ ದಾರಿಯುದ್ದಕ್ಕೂ ಪಾರ್ವತಮ್ಮ ಇದನ್ನೇ ಹೇಳಿಕೊಂಡರು.

ನಾವು ಹೋದಾಗ ಏಳು ದಾಟಿತ್ತು. ಮಹದೇವಪ್ಪನವರು ಜಗಲಿಯಲ್ಲಿ ಶತಪಥ ಹಾಕುತ್ತಿದ್ದರು. “ಕೆಟ್ಟೋಗಿದ್ರೆ ಕೆಟ್ಟೋಗ್ಲಿ ಬುಡ್ರೀ” ಎಂದವರು ನನ್ನ ಬೆನ್ನಿಗೇ ಒಳಗೆ ಬಂದರು.

ಸ್ವಿಚ್ ತಿರುಗಿಸಿದೆ. ಡಯಲ್ ದೀಪವೇ ಹತ್ತಲಿಲ್ಲ. ಕೋಣೆಯ ಬಲ್ಬು ಉರಿಯುತ್ತಿತ್ತು, ಹಾಗಾಗಿ ದೋಷ ಸೆಟ್ಟಿನದೇ ಅಂದುಕೊಂಡೆ. ಹಿಂಬದಿಯ ಹಲಗೆ ಬಿಚ್ಚಿದೆ. ವಾಲ್ವುಗಳೆಂದರೆ ಗಾಜಿನ ಬುರುಡೆಗಳು. ಒಳಗಿನ ತಂತಿ ಕೆಂಪಗೆ ಕಾದರಷ್ಟೇ ಸೆಟ್ಟು ಮಾತಾಡುತ್ತದೆ. ಒಂದೂ ಕಾದಿರಲಿಲ್ಲ. ಫ್ಯೂಸ್ ಸರಿಯಿತ್ತು, ಸ್ವಿಚ್ಚೂ ಸರಿಯಿತ್ತು. ಮೀಟರ್ ಹಿಡಿದರೆ ಒಳಕ್ಕೆ ಕರೆಂಟೇ ಬರುತ್ತಿಲ್ಲ! ಮಹದೇವಪ್ಪನವರಂತೂ ಗಡಿಯಾರ ನೋಡುವುದು, “ಏನ್ರೀ, ಆಯ್ತೇನ್ರೀ?” ಎಂದು ನನ್ನ ಪ್ರಾಣ ಹಿಂಡುವುದು. “ಸ್ವಲ್ಪ ಸುಮ್ನಿರ್ತೀರಾ?” ಎಂದು ರೇಗಿಬಿಟ್ಟೆ.

ಕೊನೆಗೆ ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆ. ಎರಡೂ ಹಿತ್ತಾಳೆ ಕಡ್ಡಿಗಳ ಮೇಲೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದೆ. ವಿಭೂತಿ! ಆಯುಧಪೂಜೆಯ ದಿನ ನೀರಲ್ಲಿ ಕಲಸಿ ಬಳಿದದ್ದು ಒಣಗಿ, ಕರೆಂಟು ದಾಟದಂತೆ ಪದರಗಟ್ಟಿತ್ತು. ಪೂಜೆಗಿಟ್ಟ ಸೆಟ್ಟನ್ನು ದಶಮಿ ಕಳೆಯುವವರೆಗೆ ಯಾರೂ ಮುಟ್ಟದ ಕಾರಣ ಈ ಸಂಜೆ ಪ್ಲಗ್ಗು ಸಿಕ್ಕಿಸುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

“ಪ್ಲಗ್ಗಿಗೂ ಹಚ್ಚಿಬಿಟ್ಟಿದ್ದೀರಲ್ಲಮ್ಮಾ?” ಎಂದೆ.

“ನಾನೆಲ್ಲಪ್ಪಾ ಹಚ್ದೆ? ಈ ಸಲ ಬಾಗ್ಲಾಕ್ಕೊಂಡು ರೇಡಿಯೋಗೆ ಪೂಜೆ ಮಾಡ್ದೋರು ಇವ್ರೇ ಕಣಪ್ಪ” ಎಂದು ಪಾರ್ವತಮ್ಮ ಗಂಡನ ಕಡೆ ತಿರುಗಿದರು. “ಮಗ್ಳ ದನಿ ಬರೋ ಪೆಟ್ಗೆ ಅಲ್ವೇ, ಅದ್ಕೇ ಎಲ್ಲಾ ಕಡೆ ಹಚ್ದೆ” ಎಂದು ಅವರು ಗಡಿಯಾರದ ಕಡೆ ತಿರುಗಿದರು.

ಉಪ್ಪುಕಾಗದದಿಂದ ಉಜ್ಜಿ ಪ್ಲಗ್ಗು ಸಿಕ್ಕಿಸಿದೆ. ಡಯಲ್ ಬೆಳಗಿತು. ವಾಲ್ವು ಕಾಯುವಷ್ಟು ಹೊತ್ತು ಮೂವರೂ ಡಯಲ್ ನೋಡುತ್ತ ನಿಂತೆವು. ಆಮೇಲೆ ಹುಡುಗಿಯ ದನಿ ಬಂತು. ವಚನವೊಂದು ಆಗಲೇ ಅರ್ಧ ಮುಗಿದಿತ್ತು. ಮಹದೇವಪ್ಪನವರು ರೇಡಿಯೋದ ಮುಂದೆ ನೆಲದ ಮೇಲೇ ಕುಳಿತರು.

ಹಾಡು ಮುಗಿಯಿತು. “ಇನ್ನೊಂದ್ಸಲ ಹಾಕ್ರೀ” ಎಂದರು ಮಹದೇವಪ್ಪನವರು.

“ಇದು ಗ್ರಾಮಫೋನ್ ಪ್ಲೇಟಲ್ಲ ಸ್ವಾಮಿ. ಮತ್ತೆ ಬರಲ್ಲ.”

ಅವರು ಎದ್ದು ಚಪ್ಪಲಿ ಮೆಟ್ಟಿದರು. “ಅಂಗಾದ್ರೆ ಅವಳನ್ನೇ ಕೇಳ್ತೀನಿ. ನಾನೇ ಹೋಗಿ ಕರ್ಕೊಂಡು ಬರ್ತೀನಿ ಕಣೇ.” ನನ್ನನ್ನು ಅಂಗಡಿಗೆ ಬಿಡಬೇಕಿದ್ದ ಜಟಕಾ ಹತ್ತಿ ಬಾನುಲಿ ಕೇಂದ್ರದ ಕಡೆ ಹೊರಟೇಬಿಟ್ಟರು. ನಾನು ನಡೆದೇ ಮನೆ ಸೇರಿದೆ.

ಅವತ್ತಿನಿಂದ ಸತ್ತ ಸೆಟ್ಟಿಗೆ ಮೊದಲು ಪ್ಲಗ್ಗು ನೋಡುವುದನ್ನು ಕಲಿತೆ. ಸಿಡುಕುವ ಗಿರಾಕಿಯ ಮೇಲೆ ತಿರುಗಿ ರೇಗುವುದನ್ನೂ ಬಿಟ್ಟೆ.