ಬೂಸ್ಟರ್ ಬಂದ ಮೇಲೆ

ಮನೆಗೆ ಬಣ್ಣ ಹೊಡೆಸಲು ಹೊರಟರೆ ಮರೆತ ಸಾಮಾನುಗಳೆಲ್ಲ ಅಟ್ಟದಿಂದ ಇಳಿದು ಬಂದು ಎದುರಿಗೆ ಕೂರುತ್ತವೆ. ಹೋದ ವಾರ ವಿಮಾನ ನಗರದ ನಮ್ಮ ಮನೆಯಲ್ಲಿ ಹಾಗೆ ಇಳಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟಿ.ವಿ. ಆಂಟೆನಾದ ಬೂಸ್ಟರ್ ಇತ್ತು. ಅಂಗೈಯಗಲದ ತಗಡಿನ ಡಬ್ಬಿ, ಒಂದು ಸ್ವಿಚ್ಚು, ಪಕ್ಕದಲ್ಲಿ ಸಣ್ಣ ಕೆಂಪು ದೀಪ. ಮೂಗಿನ ಹತ್ತಿರ ತಂದರೆ ಕಾದ ಧೂಳಿನ ವಾಸನೆ ಇನ್ನೂ ಹೋಗಿರಲಿಲ್ಲ. "ಇನ್ನೂ ನಡೀತದೇನು ನೋಡೂಣಲ್ಲ?" ಎಂದು ನಮ್ಮ ಮನೆಯವರು ಹುಮ್ಮಸ್ಸಿನಿಂದ ವೈರು ಹುಡುಕತೊಡಗಿದರು. ಬೇಡವೇ ಬೇಡ ಎಂದು ಗದರಿ ಕಸಿದುಕೊಂಡೆ.

ಮದುವೆಯಾಗಿ ವಿಜಾಪುರದಿಂದ ಈ ಮರಾಠಿ ಊರಿಗೆ ಬಂದ ಹೊಸತರಲ್ಲಿ ನಾವು ದೇಹೂ ರೋಡಿನ ಒಂದು ಸಾಲುಮನೆಯಲ್ಲಿದ್ದೆವು. ಇಡೀ ಸಾಲಿಗೆ ಟಿ.ವಿ. ಇದ್ದದ್ದು ನಮ್ಮಲ್ಲಿ ಮಾತ್ರ. ಚಿತ್ರ ಬರುತ್ತಿದ್ದದ್ದು ದೂರದ ಸಿಂಹಗಡದ ಗೋಪುರದಿಂದ. ನಡುವೆ ಗುಡ್ಡ ಅಡ್ಡ. ಹೀಗಾಗಿ ವಾರ್ತೆ ಓದುವ ಹೆಂಗಸು ಹಿಟ್ಟಿನ ಗಿರಣಿಯೊಳಗೆ ಕೂತು ಓದುತ್ತಿರುವಂತೆ ಕಾಣುತ್ತಿದ್ದಳು. ನಮ್ಮ ಮನೆಯವರು ಕಚೇರಿಯಿಂದ ಬಂದವರೇ ಚಹಾ ಸಹ ಕುಡಿಯದೆ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು. "ಬಂತೇನು?" ಎಂದು ಮೇಲಿಂದ ಅವರು, "ಬಂತು... ಹೋತು" ಎಂದು ಕೆಳಗಿಂದ ನಾನು. ನಮ್ಮ ಹೊಸ ಸಂಸಾರದ ಮಾತುಕತೆ ಬಹಳ ಮಟ್ಟಿಗೆ ಇಷ್ಟೇ ಆಗಿತ್ತು.

ಪಕ್ಕದ ಕೋಣೆಯಲ್ಲಿ ಒಬ್ಬ ಅಕ್ಕ ಇದ್ದರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು, ಜೊತೆಗೆ ಆರು ವರ್ಷದ ಮಗಳು. ಒಂಟಿ ಗಂಡಸರು ಊಟ ಮಾಡುವ ಮೆಸ್ಸಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಜೀವನ ಸಾಗಿಸುತ್ತಿದ್ದರು. ಗಂಡ ಅರಬರ ದೇಶದಲ್ಲಿದ್ದಾನೆ ಎಂದಿದ್ದರು. ಸಾಲಿನ ಮರಾಠಿ ಮಂದಿಗೆ ಅವರು ಭಾಕರಿವಾಲಿ, ಅಂದರೆ ರೊಟ್ಟಿಯವಳು, ನನಗೆ ಅಕ್ಕ. ಹೆಸರೇನೆಂದು ಯಾರೂ ಕೇಳಿರಲಿಲ್ಲ. ಪರ ಊರಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವ ಹೆಣ್ಣುಜೀವ ಅದೊಂದೇ. ಅಷ್ಟು ಸಾಕಿತ್ತು ನನಗೆ.

ಸಂಜೆ ಸಾಲಿನವರೆಲ್ಲ ನಮ್ಮಲ್ಲಿಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಅಕ್ಕ ಮಾತ್ರ ಬಾಗಿಲ ಬಳಿ ನಿಲ್ಲುತ್ತಿದ್ದರು. ಹಾಡು, ನಾಟಕ ಯಾವುದೂ ಅವರಿಗೆ ಬೇಕಿರಲಿಲ್ಲ. ಆದರೆ ವಾರ್ತೆಗೆ ಮೊದಲು ಕಾಣೆಯಾದವರ ಪ್ರಕಟಣೆ ಬರುತ್ತಿತ್ತಲ್ಲ, ಒಬ್ಬೊಬ್ಬರದೇ ಫೋಟೋ ತೋರಿಸಿ ಹೆಸರು, ಊರು, ಉಟ್ಟ ಬಟ್ಟೆ ಹೇಳುವುದು... ಆಗ ಅಕ್ಕನ ಮೈ ಕಲ್ಲಿನಂತಾಗುತ್ತಿತ್ತು. ಮುಗಿದ ಮೇಲೆ ಮೆಲ್ಲಗೆ ಕೇಳುತ್ತಿದ್ದರು, "ಯಾರದರೆ ಮಾರಿ ಛಲೋ ಕಾಣಿಸ್ತೇನು ತಂಗಿ?" ಮುಖ ಎಲ್ಲಿಯದು, ಬರೀ ಚುಕ್ಕಿ ಎನ್ನುತ್ತಿದ್ದೆ. ಅವರು ಉಸಿರು ಬಿಟ್ಟು ಹೊರಟುಬಿಡುತ್ತಿದ್ದರು. ಗಂಡ ಅರಬರ ದೇಶದಲ್ಲಿಲ್ಲ, ಎಲ್ಲಿಯೋ ಕಳೆದುಹೋಗಿದ್ದಾನೆ, ಪಾಪ, ಅವನನ್ನು ಹುಡುಕುತ್ತಿದ್ದಾರೆ ಎಂದು ನಾನೇ ಮನಸ್ಸಿನಲ್ಲಿ ಕಥೆ ಕಟ್ಟಿಕೊಂಡಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಮನೆಯವರು ಬೂಸ್ಟರ್ ತಂದರು. ಒಂದು ತುಂಡು ಮೇಲೆ ಆಂಟೆನಾದ ಕಂಬಕ್ಕೆ, ಇನ್ನೊಂದು ಟಿ.ವಿ.ಯ ಪಕ್ಕಕ್ಕೆ. ಸ್ವಿಚ್ಚು ಒತ್ತಿ ಕೆಂಪು ದೀಪ ಹತ್ತಿದ್ದೇ ತಡ, ಗಿರಣಿಯ ಹಿಟ್ಟೆಲ್ಲ ಉದುರಿ ಮನುಷ್ಯರು ಕಾಣಿಸಿಕೊಂಡರು. ವಾರ್ತೆಯವಳ ಕಿವಿಯ ಓಲೆಯ ಹರಳು ಸಹ ಎಣಿಸಬಹುದಿತ್ತು. ಖುಷಿ ತಡೆಯಲಾರದೆ ಅಕ್ಕನ ಮನೆಗೆ ಓಡಿದೆ. ಇನ್ನು ಎಲ್ಲರ ಮುಖವೂ ಕಾಣಿಸುತ್ತದೆ, ಬರ್ರಿ ಅಂದೆ.

ಬಡಿಯುತ್ತಿದ್ದ ಕೈ ಹಿಟ್ಟಿನ ಮೇಲೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದರೂ ಅವರು ತಿರುವಿ ಹಾಕಲಿಲ್ಲ. "ನಾ ಯಾರನ್ನೂ ಹುಡುಕೂದಿಲ್ಲವಾ," ಎಂದರು ಕೊನೆಗೆ. "ನನ್ನ ಹುಡುಕಲಿಕತ್ತಾರ."

ಗಂಡನ ಮನೆ ಸೊಲ್ಲಾಪುರದ ಹತ್ತಿರ. ಇವರು ಎರಡನೆಯ ಸಂಬಂಧ. ಮೊದಲಿನವಳು ಹಿತ್ತಲಿನ ಬಾವಿಯಲ್ಲಿ ಕಾಲು ಜಾರಿ ಸತ್ತಳೆಂದು ಹೇಳಿಯೇ ಇವರನ್ನು ತಂದಿದ್ದರು. ಆರು ವರ್ಷ ಕಳೆದರೂ ಗಂಡುಮಗು ಹುಟ್ಟದಿದ್ದಾಗ ಮನೆಯ ಗಾಳಿ ಬದಲಾಯಿತಂತೆ. ಹೊತ್ತು ಮುಳುಗುವಾಗ ಆ ಬಾವಿಗೆ ಇವರೊಬ್ಬರನ್ನೇ ನೀರಿಗೆ ಕಳಿಸತೊಡಗಿದರಂತೆ. ಒಂದು ಸಂಜೆ ಬಾವಿಯ ಮೆಟ್ಟಿಲಿಗೆ ಯಾರೋ ಎಣ್ಣೆ ಸುರಿದಿದ್ದರು. ಮರುದಿನ ಸಂತೆಗೆಂದು ಮಗಳನ್ನು ಕರೆದುಕೊಂಡು ಹೊರಟವರು ಬಸ್ಸು ಹತ್ತಿ ಈ ಊರಿನ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಿದ್ದರು... ಇದನ್ನು ಹೇಳುವಾಗ ಅಕ್ಕನ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಗಂಡನಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡರು.

ಅವತ್ತಿನಿಂದ ಅವರ ಭಯ ನನಗೂ ಅಂಟಿತು. ಬರಬೇಡಿ ಎಂದರೆ, ಬಾರದಿದ್ದರೆ ಜನ ಯಾಕೆ ಎಂದು ಕೇಳುತ್ತಾರೆ ಅಂದರು. ಅಲ್ಲದೆ ತಮ್ಮ ಮುಖ ಬಂದರೆ ತಮಗೇ ಮೊದಲು ತಿಳಿಯಬೇಕಿತ್ತು. ನಾನು ಸ್ವಿಚ್ಚಿನ ಪಕ್ಕ ಕೂರತೊಡಗಿದೆ. ದಿನಾ ಅದೇ ಹೊತ್ತಿಗೆ ಬೂಸ್ಟರ್ ಆರಿಸಿದರೆ ಸಂಶಯ ಬರುತ್ತದೆ. ಆದ್ದರಿಂದ ಮುಖ ಕಂಡ ಮೇಲೆಯೇ, ಉಳಿದವರು ಗುರುತು ಹಿಡಿಯುವುದರೊಳಗೆ ಆರಿಸಬೇಕು. ಪ್ರಕಟಣೆಯ ಸಂಗೀತ ಶುರುವಾದರೆ ನನ್ನ ಬೆರಳು ಸ್ವಿಚ್ಚಿನ ಮೇಲೆ ಹೋಗಿ ಕೂರುತ್ತಿತ್ತು. ಯಾವನೋ ಮುದುಕನ ಮುಖ ಬಂದರೆ, ಅವನ ಮನೆಯವರ ದುಃಖ ಮರೆತು, ಸದ್ಯ ಎನ್ನಿಸುತ್ತಿತ್ತು. ಬೂಸ್ಟರನ್ನು ಹೊಗಳುತ್ತ ಕೂರುವ ನನ್ನ ಗಂಡನನ್ನು ಕಂಡರೆ ಸಿಟ್ಟು ಬರುತ್ತಿತ್ತು. ಅವರಿಗಾದರೂ ಏನು ಗೊತ್ತು ಪಾಪ.

ಆ ಸಂಜೆ ಕೋಣೆ ತುಂಬ ಜನ. ಹೊರಗಿನ್ನೂ ಬಿಸಿಲಿತ್ತು. ಮೊದಲು ಒಬ್ಬ ಹುಡುಗ, ಆಮೇಲೆ ಒಬ್ಬ ಅಜ್ಜ. ಮೂರನೆಯದು ಮದುವೆಯ ಫೋಟೋದಿಂದ ಕತ್ತರಿಸಿದ ಚಿತ್ರ, ಅಂಚಿನಲ್ಲಿ ಗಂಡಸಿನ ಭುಜ ಉಳಿದಿತ್ತು. ಕೆನ್ನೆ ತುಂಬಿದ ಹುಡುಗಿ, ದೊಡ್ಡ ನತ್ತು... ಕಣ್ಣು ಮಾತ್ರ ಅಕ್ಕನದೇ. ಸ್ವಿಚ್ಚು ಒತ್ತಿದೆ. ಪರದೆ ಬರೀ ಚುಕ್ಕಿಯಾಯಿತು.

ಚಿತ್ರ ಹೋಯಿತು, ದನಿ ಹೋಗಲಿಲ್ಲ. ಸಾಲಿನಲ್ಲಿ ಯಾರಿಗೂ ಅಕ್ಕನ ಹೆಸರು ಗೊತ್ತಿಲ್ಲವೆಂದು ದನಿಯ ಬಗ್ಗೆ ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಭುಸ್ ಎನ್ನುವ ಸದ್ದಿನ ನಡುವೆ ಆ ದನಿ ಅಕ್ಕನ ಹೆಸರು ಓದಿತು, ಊರು ಓದಿತು, ಜೊತೆಗೆ ಆರು ವರ್ಷದ ಮಗಳು ಎಂದಿತು. ಚಾಪೆಯ ಮೇಲಿದ್ದ ಆ ಕೂಸು ಅವ್ವನ ಹೆಸರು ಕೇಳಿ ಗೋಣು ತಿರುಗಿಸಿ ಬಾಗಿಲ ಕಡೆ ನೋಡಿತು. ಅಕ್ಕ ಅಲುಗಲಿಲ್ಲ. ನನಗೆ ಕೈ ತೆಗೆಯಲೂ ಆಗಲಿಲ್ಲ. "ಏ, ಏನಾತು ಟಿ.ವಿ.ಗೆ?" ಎನ್ನುತ್ತ ನಮ್ಮ ಮನೆಯವರು ಮೇಲೆ ಹತ್ತಲು ಎದ್ದರು. ಎದುರು ಮನೆಯ ನಿವೃತ್ತ ಹವಾಲ್ದಾರರು ಮಾತ್ರ ಕೂಸನ್ನು ನೋಡಿದರು, ಅಕ್ಕನನ್ನು ನೋಡಿದರು, ಆಮೇಲೆ ಸ್ವಿಚ್ಚಿನ ಮೇಲಿದ್ದ ನನ್ನ ಕೈ ನೋಡಿದರು.

"ರಾಹೂ ದ್ಯಾ ವಹಿನೀ, ಆತಾ ಲಾವೂ ನಕಾ," ಎಂದರು. ಇರಲಿ ಬಿಡಿ ಅತ್ತಿಗೆ, ಈಗ ಹಾಕಬೇಡಿ.

ಅದು ಅಭಯವೋ ಬೆದರಿಕೆಯೋ ನಮಗೆ ತಿಳಿಯಲಿಲ್ಲ. ಹೆದರಿದವರಿಗೆ ಎಲ್ಲ ಮಾತಿನಲ್ಲೂ ಬೆದರಿಕೆಯೇ ಕೇಳಿಸುತ್ತದೆ. ಮರುದಿನ ಬೆಳಿಗ್ಗೆ ನಾನು ನೀರು ತುಂಬುವಾಗ ಅಕ್ಕ ಬಂದರು, ಕೈಯಲ್ಲೊಂದು ಗಂಟು, ಪಕ್ಕದಲ್ಲಿ ಮಗಳು. ಎಲ್ಲಿಗೆ ಎಂದೆ. "ಕೇಳಬ್ಯಾಡವಾ. ಗೊತ್ತಾದ್ರ ನಿನ್ನ ಮಾರಿನೇ ಹೇಳಿಬಿಡ್ತದ," ಎಂದು ನನ್ನ ಗಲ್ಲ ಸವರಿದರು. ಕೈಗೆ ಹಿಟ್ಟಿನ ವಾಸನೆ ಇತ್ತು. ಸ್ಟೇಷನ್ನಿನ ಕಡೆ ನಡೆದು ಹೋದರು, ಒಮ್ಮೆಯೂ ತಿರುಗಲಿಲ್ಲ.

ವಾರದೊಳಗೆ ಇಬ್ಬರು ಗಂಡಸರು ಅದೇ ಫೋಟೋ ಹಿಡಿದು ಸಾಲಿಗೆ ಬಂದರು. ನಮ್ಮ ಚಾಪೆಯ ಮೇಲೆ ಕೂತವರಲ್ಲಿ ಯಾರು ಸುದ್ದಿ ಕೊಟ್ಟಿದ್ದರೋ, ಇವತ್ತಿಗೂ ಗೊತ್ತಿಲ್ಲ. ನಾನು ತೊದಲುವ ಮೊದಲೇ ಹವಾಲ್ದಾರರು ಅಂಗಳಕ್ಕಿಳಿದು, ಇಂಥವಳು ಈ ಸಾಲಿನಲ್ಲಿ ಯಾವತ್ತೂ ಇರಲಿಲ್ಲ ಎಂದು ಗಟ್ಟಿಯಾಗಿ ಹೇಳಿ ಅವರನ್ನು ರಸ್ತೆಯವರೆಗೆ ನಡೆಸಿಬಿಟ್ಟರು. ಅಂದರೆ ಅವತ್ತಿನದು ಅಭಯವೇ ಆಗಿತ್ತು. ಅದನ್ನು ತಿಳಿಸಲು ಅಕ್ಕ ಇರಲಿಲ್ಲ. ಆ ರಾತ್ರಿ ನನ್ನಿಂದ ಎಲ್ಲ ಕೇಳಿದ ನಮ್ಮ ಮನೆಯವರು ಬೂಸ್ಟರ್ ಬಿಚ್ಚಿ ಪೆಟ್ಟಿಗೆಗೆ ಹಾಕಿದರು.

ಈಗ ಮೊಬೈಲಿಗೆ ಕಾಣೆಯಾದವರ ಫೋಟೋಗಳು ಬರುತ್ತಲೇ ಇರುತ್ತವೆ, ಎಲ್ಲರಿಗೂ ಕಳಿಸಿ ಎಂಬ ಕೋರಿಕೆಯೊಂದಿಗೆ. ಕೂಸುಗಳದು, ಮುದುಕರದು ಕಳಿಸುತ್ತೇನೆ. ಹರೆಯದ ಹೆಂಗಸಿನದು ಬಂದರೆ ಬೆರಳು ನಿಂತುಬಿಡುತ್ತದೆ. ಅಕ್ಕ ಇದ್ದರೆ ಈಗ ಎಪ್ಪತ್ತರ ಆಸುಪಾಸು. ಇದ್ದಾರೋ ಇಲ್ಲವೋ... ಒಮ್ಮೆ ನೋಡಬೇಕೆಂದು ಜೀವ ಬಡಿದುಕೊಳ್ಳುತ್ತದೆ.

ಬೂಸ್ಟರ್ ಸಿಕ್ಕ ದಿನ ಮಗಳಿಗೆ ಇಷ್ಟೆಲ್ಲ ಹೇಳಿದೆ. "ಅವ್ವಾ, ಹೆಸರು ಹೇಳು, ಈಗಿಂದೀಗ ಫೋನಿನಾಗ ಹುಡುಕಿ ಕೊಡ್ತೀನಿ," ಎಂದಳು. ಹೆಸರು ನನಗೆ ಗೊತ್ತು. ಆ ಸಂಜೆ ಒಮ್ಮೆ ಕೇಳಿದ್ದು ಕಿವಿಯಲ್ಲಿ ಹಾಗೇ ಉಳಿದಿದೆ. ಅವಳಿಗೆ ಹೇಳಲಿಲ್ಲ. ಇಲ್ಲಿಯೂ ಬರೆಯಲಾರೆ.