ಹರಿದ ಸ್ಪೀಕರಿನ ಗಿಟಾರು

“ಮನ್ಯಾಗ ಆ ದನಿ ಬರೂದು ಶಕ್ಯನ ಇಲ್ಲ” ಎಂದು ಮೊದಲು ಹೇಳಿದವರು ಟಿಕೋಟಾದ ನಮ್ಮ ಸಂಗಪ್ಪ ಕಾಕಾ. ನಲವತ್ತು ವರ್ಷದಿಂದ ಮದುವೆಗಳಿಗೆ ಸೌಂಡ್ ಸೆಟ್ ಹಚ್ಚುತ್ತ ಬಂದವರ ಮಾತು, ತಳ್ಳಿಹಾಕುವುದು ಸುಲಭವಲ್ಲ. ನಾನಾದರೋ ನಮ್ಮ ಮನೆತನದ ಮೊದಲ ಪದವೀಧರೆ. ಆಗದು ಎಂದವರ ಮುಂದೆ ಮಾಡಿ ತೋರಿಸುವುದು ನನಗೊಂದು ಚಟವೇ ಆಗಿಬಿಟ್ಟಿದೆ.

ಬಬಲೇಶ್ವರದಲ್ಲಿ ಶಾಲೆ ಕಲಿಸುತ್ತೇನೆ. ಸಂಜೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಎಲೆಕ್ಟ್ರಿಕ್ ಗಿಟಾರು ಕಲಿಯುತ್ತೇನೆ. ಅಲ್ಲಿ ಸರ್ಟಿಫಿಕೇಟು ಸಿಗಬೇಕಾದರೆ ಕೊನೆಗೊಂದು ಪರೀಕ್ಷೆ: ಆಲ್ಟರ್ನೇಟಿವ್ ರಾಕ್ ಗಿಟಾರಿನ ದನಿಯನ್ನು ಕೈಗೆ ಸಿಕ್ಕ ಹಳೆಯ ಸಾಮಾನಿನಿಂದಲೇ ಮನೆಯಲ್ಲಿ ಹೊರಡಿಸಬೇಕು. ಗುರುಗಳು ಮನೆಗೇ ಬಂದು ಕೇಳುತ್ತಾರೆ. ಆ ದನಿ ಕೇಳಿದ್ದೀರಾ? ಮೊದಲು ಬೀಗರ ಮನೆಯಲ್ಲಿ ಕುಳಿತಂತೆ ಮೆಲ್ಲಗೆ ಗುನುಗುತ್ತದೆ. ಪಲ್ಲವಿ ಬಂತೋ, ತುಂಬಿದ ಬಸ್ಸಿನಲ್ಲಿ ಸೀಟಿಗಾಗಿ ಜಗಳ! ಕರಕರ, ಗರಗರ, ಆದರೂ ಒಳಗೊಂದು ರಾಗ. ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆ ಸಿಕ್ಕಿಸಿ ಝೇಂಕಾರ ಎಬ್ಬಿಸುತ್ತಾರಲ್ಲ. ತುಸು ಕೆಟ್ಟರೇನೇ ನಾದಕ್ಕೆ ಜೀವ ಎಂಬುದು ನಮ್ಮವರಿಗೂ ಗೊತ್ತಿದ್ದ ಗುಟ್ಟು.

ಹದಿನೈದು ದಿನ ಒದ್ದಾಡಿದೆ. ಕೊನೆಗೆ ಕಾಕಾ ಮೂಲೆಗೆ ಹಾಕಿದ್ದ ಹಳೆಯ ಆಂಪ್ಲಿಫೈಯರು, ಒಳಗಿನ ಕಾಗದ ಹರಿದು ಕರಕರ ಅನ್ನುವ ಸ್ಪೀಕರು ಎರಡನ್ನೂ ಅಥಣಿ ರಸ್ತೆಯ ನಮ್ಮ ಮನೆಗೆ ತಂದು ಜೋಡಿಸಿ ಒಂದು ಸಲ ಮೀಟಿದೆ. ಅಯ್ಯಯ್ಯೋ, ಅದೇ! ಕುಣಿದಾಡಿದೆ. ಅವ್ವ ಒಲೆ ಬಿಟ್ಟು ಓಡಿಬಂದು, “ಏನ ಬಿತ್ತ ಬೇ?” ಅಂದಳು.

ಪರೀಕ್ಷೆಯ ದಿನ ಶನಿವಾರ. ಮುಂಜಾನೆಯ ಶಾಲೆ ಮುಗಿಸಿ ಬಂದರೆ, ಟಿಕೋಟಾದಿಂದ ಬಂದಿದ್ದ ಕಾಕಾ ಸ್ಪೀಕರಿನ ಮುಂದೆ ಎದೆಯುಬ್ಬಿಸಿ ಕುಳಿತಿದ್ದಾರೆ.

“ಹರದಿತ್ತು. ಅಂಟ ಹಚ್ಚೇನಿ. ಹರದ ಸ್ಪೀಕರ್ ಇಟ್ಟು ಪರೀಕ್ಷಾ ಕೊಟ್ರ ನನ್ನ ಮರ್ಯಾದಿ ಏನಾಗಬೇಕು?”

ಮೀಟಿದೆ. ಕರಕರವೇ ಇಲ್ಲದ ಹಾಲಿನಂಥ ದನಿ. ಗುರುಗಳು ಬರಲು ಇನ್ನು ಅರ್ಧ ತಾಸು.

“ಕಾಕಾ, ಮತ್ತ ಹರೀರಿ!”

“ಹುಚ್ಚ ಹಿಡದೈತೇನ ನಿನಗ? ಹುಟ್ಟಿದಾಗಿಂದ ಒಂದ ಸ್ಪೀಕರ್ ಹರದಿಲ್ಲ ನಾ.”

“ಸರ್ಟಿಫಿಕೇಟ್ ಹೋಗತೈತ್ರಿ ಕಾಕಾ!”

ಕಾಕಾ ಮುಖ ಆಚೆ ತಿರುಗಿಸಿ ಸ್ಪೀಕರಿನ ಕಾಗದಕ್ಕೆ ಬ್ಲೇಡು ಎಳೆದರು. ಮೀಟಿದೆ, ಕರಕರ ಸಾಲಲಿಲ್ಲ. ಆಗ ಅವರ ಕಿವಿ ನೆಟ್ಟಗಾಯಿತು ನೋಡಿ! ಅಂಟು ಕೆರೆದರು, ಒಂದು ಸ್ಕ್ರೂ ಸಡಿಲಿಸಿದರು, ವಾಲ್ಯೂಮನ್ನು ಪೂರಾ ತಿರುವಿದರು. “ಈಗ ಬಾರ್ಸು.” ಮೊದಲಿನದಕ್ಕಿಂತ ಚೆಂದದ ಕರಕರ! ದನಿ ಕೆಡುವ ದಾರಿಗಳನ್ನೆಲ್ಲ ಮುಚ್ಚುತ್ತ ಆಯುಷ್ಯ ಕಳೆದವರಿಗೆ ಅವನ್ನು ತೆರೆಯುವುದು ಎಷ್ಟರ ಮಾತು? ನನ್ನ ಪದವಿ ಆ ಅರ್ಧ ತಾಸು ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಸುಮ್ಮನೆ ಕುಳಿತು ನೋಡಿತು.

ಗುರುಗಳು ಕಣ್ಣು ಮುಚ್ಚಿ ಕೇಳಿದರು, ತಲೆದೂಗಿದರು. ಮುಂದಿನ ವಾರ ಸರ್ಟಿಫಿಕೇಟು ಕೈಗಿತ್ತರು. ಜೊತೆಗೆ ಬಂದಿದ್ದ ಅವ್ವನಿಗೆ ಅಲ್ಲೇ ಕೊಟ್ಟೆ. ಅಕ್ಷರ ಬಾರದ ಅವ್ವ ಅದನ್ನು ಹಿಂದೆ ಮುಂದೆ ತಿರುವಿ ನೋಡಿ ಅಂದಳು:

“ಡಿಗ್ರಿ ತಂದಾಗ ನೀ ಏನ ಕಲ್ತಿ ಅನ್ನೂದು ಮನ್ಯಾಗ ಯಾರಿಗೂ ತಿಳೀಲಿಲ್ಲ ಯವ್ವಾ. ಇದು ಮಾತ್ರ ಓಣಿಗೆಲ್ಲಾ ಕೇಳಿಸ್ತು.”