ಮೂರನೆಯ ಕೈ

ಅಕ್ಷತಾ, ಆ ಮೂರನೆಯ ಕೈ ನಿನ್ನದು. ನನ್ನದೆಂದು ಹೇಳಿದ್ದು ಸುಳ್ಳು — ತಿಳಿದೂ ತಿಳಿದೂ ಹೇಳಿದ ಸುಳ್ಳು.

ಮಂಗಳೂರಿನ ಆ ಪ್ರಯೋಗಾಲಯದಲ್ಲಿ ನಾವಿಬ್ಬರೂ ರಕ್ತದ ಕ್ಯಾನ್ಸರಿಗೆ ಎರಡು ಕೈಯ ಆಂಟಿಬಾಡಿ ಕಟ್ಟುತ್ತಿದ್ದೆವು. ಒಂದು ಕೈ ಕ್ಯಾನ್ಸರ್ ಕೋಶವನ್ನು ಹಿಡಿಯಬೇಕು, ಇನ್ನೊಂದು ದೇಹದ ಕಾವಲು ಕೋಶವನ್ನು ಅದರ ಪಕ್ಕಕ್ಕೆ ಎಳೆದು ತರಬೇಕು. ಕೊಲ್ಲುವುದು ಕಾವಲಿನವನ ಕೆಲಸ. ಆದರೆ ನಮ್ಮದು ಕಾವಲು ಕೋಶವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿತ್ತೆಂದರೆ, ಅದು ರೇಗಿ ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತಿತ್ತು. ತಿಂಗಳುಗಟ್ಟಲೆ ಹೀಗೇ. ಇನ್ನೂ ಬಿಗಿ ಮಾಡುವ ಎನ್ನುತ್ತಿದ್ದೆ ನಾನು — ನನ್ನ ಬುದ್ಧಿ ಅಷ್ಟೇ.

ಒಂದು ಶನಿವಾರ ಊರಿಗೆ ಹೊರಟಿದ್ದೆವು, ನಾನು ಗುರುವಾಯನಕೆರೆಗೆ, ನೀನು ಕಕ್ಕಿಂಜೆಗೆ. ಬಿ.ಸಿ.ರೋಡಿನಲ್ಲಿ ಬಸ್ಸು ತುಂಬಿತು. ಕಂಡಕ್ಟರ್ ಒಂದು ಸೀಟಿಗೆ ಸೊಂಟ, ಇನ್ನೊಂದಕ್ಕೆ ಮೊಣಕೈ ಆನಿಸಿ ಗಟ್ಟಿಯಾಗಿ ನಿಂತು, ಒಬ್ಬೊಬ್ಬರ ಹೆಗಲನ್ನು ಮೆಲ್ಲನೆ ತಟ್ಟಿ ಟಿಕೆಟ್ ಕೊಡುತ್ತಿದ್ದ. ನೀನು ತುಳುವಿನಲ್ಲಿ ಹೇಳಿದೆ:

"ಅವನನ್ನು ನೋಡು ಮಾರಾಯ. ಎರಡು ಕಡೆ ಗಟ್ಟಿ ಹಿಡಿದಿದ್ದಾನೆ, ಜನರನ್ನು ಬರೀ ಮುಟ್ಟುತ್ತಾನೆ. ನಾವೂ ಕ್ಯಾನ್ಸರಿನ ಕಡೆಗೆ ಎರಡು ಕೈ ಕೊಡುವ, ಕಾವಲಿನ ಕಡೆಗೆ ಸಡಿಲದ್ದು ಒಂದೇ. ಒಟ್ಟು ಮೂರು."

ನಮ್ಮ ಅಭ್ಯಾಸವೇ ಹಾಗಿತ್ತು — ಯೋಚಿಸುವುದು ತುಳುವಿನಲ್ಲಿ, ದಾಖಲೆ ಪುಸ್ತಕ ಬರೆಯುವುದು ಇಂಗ್ಲಿಷಿನಲ್ಲಿ. ಸೋಮವಾರ ನೀನು ಜ್ವರವೆಂದು ಬರಲಿಲ್ಲ. ನಿನ್ನ ಮಾತನ್ನು ನಾನು ಪುಸ್ತಕದಲ್ಲಿ ಬರೆದೆ. ಕೆಳಗೆ ಸಹಿ ಹಾಕಿದೆ, ನನ್ನದೊಂದೇ. ನೀನು ಬಂದ ಮೇಲೆ ನಿನ್ನ ಹೆಸರು ಸೇರಿಸುವ ಎಂದುಕೊಂಡಿದ್ದೆ... ಇಲ್ಲ, ಅದು ಆಮೇಲೆ ಹುಡುಕಿಕೊಂಡ ನೆಪ.

ಪ್ರಯೋಗ ಗೆದ್ದಿತು. ಇದು ಯಾರ ಯೋಚನೆ ಎಂದು ಸಭೆಯಲ್ಲಿ ಮುಖ್ಯಸ್ಥರು ಕೇಳಿದಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ನನ್ನದು ಎಂದೆ ನಾನು. ಹೊರಗೆ ಬಂದು ನೀನು ಕೇಳಿದ್ದು ಒಂದೇ ಮಾತು:

"ಬಸ್ಸಿನಲ್ಲಿ ನಾನು ಹೇಳಿದ್ದಲ್ವಾ?"

"ಬರೆದಿಟ್ಟಿದ್ದೀಯಾ?" ಎಂದೆ.

ನೀನು ಜಗಳವಾಡಲಿಲ್ಲ. ಇಬ್ಬರಲ್ಲಿ ಒಬ್ಬರು ಸಾಕೆಂದು ಮೇಲಿನವರು ತೀರ್ಮಾನಿಸಿದಾಗ ಉಳಿದವನು ನಾನು. ನೀನು ಮೂಡುಬಿದಿರೆಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೀ ಎಂದು ಯಾರೋ ಹೇಳಿದರು. ಪೇಟೆಂಟಿನಲ್ಲಿ ನನ್ನ ಹೆಸರು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು — ತುಳು ಮಾತು ಕಿವಿಗೆ ಬಿದ್ದರೆ ಸಾಕು, ತಿರುಗಿ ನೋಡುತ್ತೇನೆ.

ಕಳೆದ ವಾರ ಆ ಔಷಧವನ್ನು ಮೊದಲ ರೋಗಿಗೆ ಕೊಟ್ಟರು. ಕಾವಲು ಕೋಶಗಳು ಕೆಲಸಕ್ಕಿಳಿದ ಗುರುತಾಗಿ ಜ್ವರ ಬಂದು, ತಾನಾಗಿ ಇಳಿಯಿತು. ಎಲ್ಲರೂ ನನ್ನ ಕೈ ಕುಲುಕಿದರು. ನನಗೆ ಅಳು ಬಂತು, ಸಂತೋಷಕ್ಕೆ ಎಂದುಕೊಂಡರು.

ಇವತ್ತು ಬೆಳಿಗ್ಗೆ ಮುಖ್ಯಸ್ಥರ ಕೈಗೆ ಪತ್ರ ಕೊಟ್ಟೆ, ಅದರದೇ ಒಂದು ಪ್ರತಿ ಪೇಟೆಂಟ್ ಕಚೇರಿಗೂ ಹೋಗಿದೆ. ಕೆಲಸ ಹೋಗಬಹುದು. ನಿನ್ನ ಹೋದ ವರ್ಷಗಳು ಅದರಿಂದ ಬರುವುದಿಲ್ಲ, ಗೊತ್ತು. ಕ್ಷಮೆ ಕೇಳುವ ಮುಖವೂ ನನಗಿಲ್ಲ. ಆ ಪತ್ರದಲ್ಲಿ ಆ ಶನಿವಾರ, ಆ ಕಂಡಕ್ಟರ್, ನಿನ್ನ ಮಾತು — ನೀನು ಹೇಳಿದ ಹಾಗೆಯೇ ತುಳುವಿನಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ.

ಬರೆದಿಟ್ಟಿದ್ದೇನೆ, ಅಕ್ಷತಾ.